ನನ್ನ ಶ್ರುತಿಯ ತಂಬೂರಿ

ಅಕ್ಕಾರ,

ಇವತ್ತು ಧಾರವಾಡದಾಗ ನಿಮ್ಮ ನೆನಪಿನ ಸಂಗೀತ ಸಭಾ ಆತು. ನಿಮ್ಮ ಮಗಳು ಪ್ರಭಾವತಿ ಫೋನ್ ಹಿಡದು ತೋರಿಸಿದಳು, ನಾ ಮಸ್ಕತ್‌ನ್ಯಾಗ ಕುಂತು ನೋಡಿದೆ. ಒಂದು ತಾನಕ್ಕ ಹೂವಿನಾಕಿಯಿಂದ ಹಿಡದು ಡಾಕ್ಟರ್ ತನಕ ತಲಿ ತೂಗೂ ಊರು ಬ್ಯಾರೆ ಎಲ್ಲೈತ್ರಿ?

ಹಾಡೂದ ಬಿಟ್ಟೆ ಅಂತ ನಿಮ್ಮ ಕೂಡ ಜಗಳಾಡಿ ಹೊಂಟ ದಿನ, ನಿಮ್ಮ ಮನ್ಯಾಗಿದ್ದ ನನ್ನ ತಂಬೂರಿ ತಂತಿ ಸಡಿಲ ಮಾಡಿ ಬಂದಿದ್ದೆ. ನುಡಿಸದ ತಂಬೂರಿ ಹಂಗ ಇಡಬೇಕಂತ ನೀವ ಕಲಿಸಿದ್ರಿ. ಇವತ್ತು ಪ್ರಭಾವತಿ ಅದರ ಗವಸು ತಗದ್ರ ತಂತಿ ಬಿಗಿಯಾಗೇ ಇದ್ದವು.

“ಅವ್ವ ದಿನಾ ಮುಂಜಾನಿ ಇದನ್ನ ನಿನ್ನ ಶ್ರುತಿಗೆ ಕೂಡಸ್ತಿದ್ಲು,” ಅಂದಳು.

ಹನ್ನೊಂದು ವರ್ಷ, ಅಕ್ಕಾರ. ಒಂದು ಮಾತು ಹೇಳಬಾರದಿತ್ತೇನ್ರಿ? ನಾನರೆ ಎಲ್ಲಿ ಕೇಳಿದೆ. ಈಗ ಸಾ ಹಚ್ಚಾಕ ಮೂರು ಸಲ ಬಾಯಿ ತಗದೆ, ಸ್ವರ ಹೊಂಡವಲ್ದು. ತಂತಿ ಇಳಿಸಬ್ಯಾಡ ಅಂತ ಪ್ರಭಾವತಿಗೆ ಬೇಡಕೊಂಡೇನಿ.