ಅಮ್ಮನ ಕೈಗುಣ

ಭಾನುವಾರ, ಮಾರ್ಚ್ ೯

ನನ್ನ ಮುದ್ದು ಪುಟ್ಟಿ,

ಹೇಗಿದ್ದೀಯ? ಅಳಿಯಂದಿರು, ಮಗು ಎಲ್ಲ ಆರಾಮ ತಾನೇ? ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಮೇಜಿನ ಮೇಲೇ ಇದ್ದ ಅದರ ಮೈಮೇಲೊಂದು ಕಾಫಿ ಲೋಟದ ಗುಂಡು ಕಲೆಯೂ ಬಿತ್ತು. ಬೈಯಬೇಡ. ಬರೆಯದೆ ಇದ್ದುದಕ್ಕೆ ಕಾರಣ ಇದೆ, ಕೇಳಿದರೆ ನೀನೇ ಕ್ಷಮಿಸುತ್ತೀಯ. ಫೋನಿನಲ್ಲಿ ಹೇಳಬಹುದಿತ್ತು, ನಿಜ. ಆದರೆ ನಾನು ಫೋನ್ ಎತ್ತಿದರೆ ಸಾಕು, ಅಪ್ಪ ಎಲ್ಲಿದ್ದರೂ ಓಡಿಬಂದು ಸ್ಪೀಕರ್ ಹಾಕಿಸುತ್ತಾರೆ. ಆಮೇಲೆ ಮಾತೆಲ್ಲ ಅವರದೇ. ಮೊಮ್ಮಗಳ ಹಲ್ಲು, ತಮ್ಮ ಬ್ರೆಡ್ಡು, ಅಲ್ಲಿಗೆ ಮುಗಿಯಿತು.

ಆ ಬ್ರೆಡ್ಡಿನ ಪುರಾಣ ಮೊದಲು ಹೇಳಿಬಿಡುತ್ತೇನೆ. ನಿವೃತ್ತರಾದ ಮೇಲೆ ಅಡುಗೆಮನೆಯೇ ಅವರ ಲ್ಯಾಬು. ಹಿಟ್ಟನ್ನು ತಕ್ಕಡಿಯಲ್ಲಿ ತೂಗುತ್ತಾರೆ, ನೀರಿಗೆ ಥರ್ಮಾಮೀಟರು ಅದ್ದುತ್ತಾರೆ, ಏಪ್ರನ್ ಬೇರೆ. ಇಷ್ಟೆಲ್ಲ ಮಾಡಿದ ಬ್ರೆಡ್ಡು ಕಳೆದ ವಾರ ಕಲ್ಲಾಗಿ ಕೂತಿತು. ಕೊಯ್ಯಲು ಹೋದ ಚಾಕುವೇ ಬಗ್ಗಿತು. "ಹಿಟ್ಟು ಸರಿಯಿಲ್ಲ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದೆ. ಅದೇ ಹಿಟ್ಟನ್ನು ನಾನು ಕಣ್ಣಳತೆಯಲ್ಲಿ ನಾದಿ ಇಟ್ಟೆ ನೋಡು, ಉಬ್ಬಿ ಪಾತ್ರೆಯ ಅಂಚು ದಾಟಿತು. "ಅದೇನಿದ್ರೂ ಇವಳ ಕೈಗುಣ" ಅಂತ ಪಕ್ಕದ ಮನೆಯವರಿಗೂ ಹೇಳಿ ಬಂದರು. ನಿನಗೆ ಗೊತ್ತಲ್ಲ, ಬಾಡಿದ ಗಿಡ ಚಿಗುರಿದರೂ ಅಮ್ಮನ ಕೈಗುಣ, ಕೆಟ್ಟ ರೇಡಿಯೊ ನಾನು ತಟ್ಟಿದಾಗ ಹಾಡಿದರೂ ಕೈಗುಣ. ನೀನೂ ಪರೀಕ್ಷೆಗೆ ಹೊರಡುವಾಗ, "ಅಮ್ಮಾ, ತಲೆ ಮುಟ್ಟು, ನಿನ್ನ ಕೈಗುಣ ಚೆನ್ನಾಗಿದೆ" ಅಂತ ಕಿಸಿಕಿಸಿ ನಗುತ್ತಿದ್ದೆ.

ಸರಿ, ಈಗ ಸುದ್ದಿ. ನನ್ನ ಪುಟಾಣಿ ಗೆದ್ದಿತು ಕಣೇ!

ಪುಟಾಣಿ ನೆನಪಿದೆಯಾ? ಹೃದಯ ಅಂದರೆ ಬರೀ ಪಂಪು ಅಲ್ಲ ಅಂತ ನಿನಗೆ ಊಟ ಮಾಡಿಸುತ್ತಾ ಹೇಳುತ್ತಿದ್ದೆನಲ್ಲ. ಮೇಲೆ ಭಾರ ಹೆಚ್ಚಾಗಿ ಅದರ ಗೋಡೆ ಜಗ್ಗಿದಾಗ ಅಲ್ಲಿನ ಜೀವಕೋಶಗಳು ಹಾರ್ಮೋನು ಬಿಡುತ್ತವೆ. ಪೆಪ್ಟೈಡ್ ಹಾರ್ಮೋನು, ಮಣಿಸರದ ತುಂಡಿನಂಥದ್ದು. ನಾನು ನಿನ್ನ ವಯಸ್ಸಿನಲ್ಲಿ ಕಂಡುಹಿಡಿದದ್ದು ಅವುಗಳಲ್ಲೇ ತೀರಾ ಕುಳ್ಳು, ಅದಕ್ಕೇ ಪುಟಾಣಿ ಅಂತ ಕರೆದೆ. ಅದು ಪಕ್ಕದ ಕೋಶದ ಬಾಗಿಲು ತಟ್ಟಿ, "ಭಾರ ಇದೆ ಅಂತ ಸುಮ್ನೆ ದಪ್ಪ ಆಗ್ತಾ ಹೋಗ್ಬೇಡ, ಸಾಕು" ಅಂತ ಬುದ್ಧಿ ಹೇಳುತ್ತದೆ. ದಪ್ಪಗಾಗುತ್ತಲೇ ಹೋದ ಹೃದಯ ಕೊನೆಗೆ ಸೋತುಬಿಡುತ್ತದೆ, ಹಾಗಾಗಿ ಇದು ಸಣ್ಣ ಮಾತಲ್ಲ. ತಟ್ಟೆಯಲ್ಲಿ ಬೆಳೆಸಿದ ಹೃದಯಕೋಶಗಳಿಗೆ ದಪ್ಪವಾಗಿಸುವ ಔಷಧದ ಜೊತೆ ಪುಟಾಣಿಯನ್ನೂ ಕೊಟ್ಟು ನಾನು ತೋರಿಸಿಯೂ ಇದ್ದೆ.

ಆದರೆ ಬೇರೆ ಯಾರು ಮಾಡಿದರೂ ಬರಲಿಲ್ಲ. ನಮ್ಮ ಲ್ಯಾಬಿನಲ್ಲಿ ಬರಲಿಲ್ಲ, ಬೇರೆ ಊರುಗಳಲ್ಲೂ ಬರಲಿಲ್ಲ. ಒಬ್ಬರಿಗೇ ಬರುವ ಫಲಿತಾಂಶಕ್ಕೆ ನಮ್ಮ ಕಸುಬಿನಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ. ಯಾರೂ ನನ್ನನ್ನು ಸುಳ್ಳಿ ಅನ್ನಲಿಲ್ಲ, ಮೆಲ್ಲಗೆ ಪುಟಾಣಿಯನ್ನು ಪಕ್ಕಕ್ಕಿಟ್ಟರು. ನಾನು ಬೇರೆ ಹಾರ್ಮೋನುಗಳ ಮೇಲೆ ಕೆಲಸ ಮಾಡಿದೆ, ಹೆಸರೂ ಬಂತು. ಪುಟಾಣಿ ಮಾತ್ರ ಫ್ರೀಜರಿನ ಕೆಳಗಿನ ಅರೆಯಲ್ಲಿ ಹಿಮ ಕಟ್ಟಿಕೊಂಡು ಉಳಿಯಿತು. ಜೂನಿಗೆ ನನ್ನ ನಿವೃತ್ತಿ. ಮೊನ್ನೆ ಜನವರಿಯಲ್ಲಿ ಮುಖ್ಯಸ್ಥರು ಬಂದು ಬಾಗಿಲಲ್ಲೇ ನಿಂತು, "ಮೇಡಂ, ಬೇಜಾರ್ ಮಾಡ್ಕೋಬೇಡಿ, ಆ ಹಳೇ ಫ್ರೀಜರ್ ಖಾಲಿ ಮಾಡಿಸ್ಬೇಕಿತ್ತು" ಅಂದರು. ಅದಕ್ಕೇನಂತೆ, ಮಾಡಿಸಿ ಅಂದೆ. ಅವರು ಅತ್ತ ಹೋದದ್ದೇ ಆ ಕೆಳಗಿನ ಅರೆ ತೆರೆದು ನೋಡಿದೆ. ನಾನು ಹೋದ ಮೇಲೆ ಅದು ನಿಜವೋ ಸುಳ್ಳೋ ಅಂತ ಕೇಳುವವರೂ ಇರುವುದಿಲ್ಲವಲ್ಲ.

ಆಗ ಅಡ್ಡ ಬಂದವಳು ನಮ್ಮ ಪ್ರಶ್ನೆಪತ್ರಿಕೆ. ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ ಅವಳು, ಬಾಯಿ ತೆರೆದರೆ ಪ್ರಶ್ನೆ, ಅದಕ್ಕೇ ಲ್ಯಾಬಿನವರೆಲ್ಲ ಸೇರಿ ಇಟ್ಟ ಹೆಸರು. "ಎಸೆಯೋ ಮುಂಚೆ ಒಂದ್ಸಲ ನಾನು ಮಾಡಿ ನೋಡ್ಲಾ ಮೇಡಂ?" ಅಂದಳು. ಮಾಡಿದಳು, ಬರಲಿಲ್ಲ. ಮತ್ತೆ ಮಾಡಿದಳು, ಬರಲಿಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಇವಳು ಒಂದು ಸ್ಟೂಲು ಎಳೆದುಕೊಂಡು, "ನೀವೇ ಮಾಡಿ, ನಾನು ಕೂತ್ಕೊಂಡು ನೋಡ್ತೀನಿ" ಅಂದಳು. ಈಗೀಗ ಪಿಪೆಟ್ ಹಿಡಿದರೆ ನನ್ನ ಹೆಬ್ಬೆರಳು ನೋಯುತ್ತದೆ, ಆದರೂ ಕೂತೆ. ಇನ್ನೂ ಶುರುವೇ ಮಾಡಿರಲಿಲ್ಲ, "ನಿಲ್ಲಿ ನಿಲ್ಲಿ" ಅಂತ ಕೂಗಿದಳು.

"ಈಗ ಏನ್ ಮಾಡಿದ್ರಿ?"

"ಏನ್ ಮಾಡ್ದೆ? ಟ್ಯೂಬ್ ತಗೊಂಡೆ."

"ಅದಕ್ಕೆ ಏನೋ ಹಾಕಿ ಕುಲುಕಿ ಚೆಲ್ಲಿದ್ರಿ."

"ಓ, ಅದಾ? ಕೋಶಗಳಿಗೆ ಹಾಕಿ ಮಿಕ್ಕಿದ್ದ ಪೋಷಕ ದ್ರವ ಕಣೇ. ಟ್ಯೂಬ್ ತೊಳೆದೆ ಅಷ್ಟೇ."

"ಹೊಸಾ ಟ್ಯೂಬ್ ಯಾಕೆ ತೊಳೀತೀರಿ?"

ಯಾಕೆ ಅಂದರೆ ಏನು ಹೇಳಲಿ? ನನ್ನ ಗುರುಗಳ ಕಾಲದಲ್ಲಿ ಗಾಜಿನ ಟ್ಯೂಬುಗಳನ್ನೇ ತೊಳೆದು ತೊಳೆದು ಬಳಸುತ್ತಿದ್ದೆವು. ಸೋಪಿನ ಪಸೆ ಉಳಿದಿದ್ದರೆ ಕೋಶಗಳು ಸಾಯುತ್ತವೆ ಅಂತ, ಮಿಕ್ಕ ದ್ರವ ಹಾಕಿ ಒಮ್ಮೆ ಕುಲುಕಿ ಚೆಲ್ಲುವುದು ರೂಢಿ. ಪ್ಲಾಸ್ಟಿಕ್ ಟ್ಯೂಬುಗಳು ಬಂದ ಮೇಲೂ ನನ್ನ ಕೈ ಆ ಚಾಳಿ ಬಿಡಲಿಲ್ಲ. ತಟ್ಟೆ ಶುಚಿಯಾಗಿದ್ದರೂ ಬಡಿಸುವ ಮುಂಚೆ ಒಮ್ಮೆ ಒರೆಸುತ್ತೇವಲ್ಲ, ಹಾಗೆ. ಅದನ್ನು ಯಾರಾದರೂ ಅಡುಗೆ ಪುಸ್ತಕದಲ್ಲಿ ಬರೆಯುತ್ತಾರಾ? ನಾನೂ ಬರೆದಿರಲಿಲ್ಲ.

ಆ ದ್ರವದಲ್ಲಿ ಪ್ರೋಟೀನು ಇರುತ್ತದೆ. ಅದು ಟ್ಯೂಬಿನ ಒಳಗೋಡೆಗೆ ತೆಳ್ಳಗೆ ಬಳಿದುಕೊಳ್ಳುತ್ತದೆ. ಹಾಗೆ ಬಳಿಯದ, ಫಳಫಳ ಶುಚಿಯಾದ ಟ್ಯೂಬಿಗೆ ಪುಟಾಣಿಯನ್ನು ಹಾಕಿದರೆ ಅದು ಹೋಗಿ ಗೋಡೆಗೇ ಅಂಟಿಕೊಂಡುಬಿಡುತ್ತದೆ! ಕೋಶಗಳಿಗೆ ಬೀಳುವುದು ಅದನ್ನು ಕರಗಿಸಿದ್ದ ಉಪ್ಪುನೀರು ಮಾತ್ರ. ಪ್ರಶ್ನೆಪತ್ರಿಕೆ ಎರಡೂ ಥರದ ಟ್ಯೂಬುಗಳಲ್ಲಿ ಎಷ್ಟೆಷ್ಟು ಉಳಿದಿದೆ ಅಂತ ಅಳೆದೇ ತೋರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಆ ಕೋಶಗಳ ಕಥೆ ಅದೇ. ಮಾಡಿ ನೋಡಿದವರೆಲ್ಲ ನನಗಿಂತ ಅಚ್ಚುಕಟ್ಟಾಗಿ ಮಾಡಿದ್ದರು, ಅದೇ ಎಡವಟ್ಟಾಗಿತ್ತು.

ಆಮೇಲೆ ಅವಳೇ ಟ್ಯೂಬು ತೊಳೆದು ಮಾಡಿದಳು. ಬಂತು! ಅಷ್ಟಕ್ಕೇ ಬಿಡುವವಳಲ್ಲ, ಹಿಂದೆ ಆಗುವುದಿಲ್ಲ ಅಂದಿದ್ದ ಬೇರೆ ಊರಿನ ಲ್ಯಾಬಿಗೂ ಬರೆದಳು. ಈ ಗುರುವಾರ ಅವರ ಚಿತ್ರಗಳು ಬಂದವು. ಬರೀ ದಪ್ಪವಾಗಿಸುವ ಔಷಧ ಕುಡಿದ ಕೋಶಗಳು ಊದಿಕೊಂಡು ಬಿದ್ದಿವೆ, ಜೊತೆಗೆ ಪುಟಾಣಿಯೂ ಸಿಕ್ಕವು ಮೈಕಟ್ಟು ಕಾಪಾಡಿಕೊಂಡು ಅಚ್ಚುಕಟ್ಟಾಗಿ ಕೂತಿವೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಗಳಗಳ ಅತ್ತುಬಿಟ್ಟೆ, ಮುಚ್ಚಿಡುವುದೇನು. ಅವಳೂ ಅಳುತ್ತಾ, "ನಾವ್ಯಾಕೆ ಅಳ್ತಿದೀವಿ ಮೇಡಂ?" ಅಂತ ಅದಕ್ಕೂ ಒಂದು ಪ್ರಶ್ನೆ ಹಾಕಿದಳು. ಮುಖ್ಯಸ್ಥರು ಕೇಕ್ ತರಿಸಿದರು. ಫ್ರೀಜರಿನ ಬಾಗಿಲಿಗೆ 'ಯಾರೂ ಮುಟ್ಟಬೇಡಿ' ಅಂತ ತಾವೇ ಚೀಟಿ ಅಂಟಿಸಿದರು.

ಅಪ್ಪನಿಗೂ ಹೇಳಿದೆ, ತುಂಬ ಖುಷಿಪಟ್ಟರು. ನನಗಂತೂ ಮೈ ಹಗುರಾಗಿದೆ. ಜೂನಿಗೆ ನೆಮ್ಮದಿಯಿಂದ ಎದ್ದು ಬರುತ್ತೇನೆ, ಪುಟಾಣಿಯ ಉಸಾಬರಿ ಇನ್ನು ಪ್ರಶ್ನೆಪತ್ರಿಕೆಯದು. ನೀನು ಶಾಲೆಯಿಂದ ಬಂದು ನಿಂತುಕೊಂಡೇ ತಿನ್ನುವುದನ್ನು ಬಿಡು. ನಿನ್ನ ಶಾಲೆಮಕ್ಕಳ ಪಾಠದ ತಯಾರಿ ಹತ್ತು ನಿಮಿಷ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಮಗುವಿಗೆ ಹಲ್ಲು ಬರುವಾಗ ರಚ್ಚೆ ಇದ್ದದ್ದೇ, ನೀನು ಇಡೀ ಬೀದಿಯನ್ನು ಎಬ್ಬಿಸುತ್ತಿದ್ದೆ. ರಜಕ್ಕೆ ಎಲ್ಲರೂ ಬಂದುಬಿಡಿ.

ನಿನ್ನ ಮನೆ ತಣ್ಣಗಿರಲಿ, ಮಗುವಿನ ಹೊಟ್ಟೆ ತುಂಬಿರಲಿ, ನಿಮ್ಮಿಬ್ಬರ ನಗು ಹೀಗೇ ಇರಲಿ ಅಂತ ಹರಸುವ,

ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಹಾಕಿದ್ದೆ, ಮತ್ತೆ ಹೊರಗೆ ತೆಗೆದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ನನ್ನ ಪ್ರಯೋಗವನ್ನು ಮೊಟ್ಟಮೊದಲು ಮತ್ತೆ ಮಾಡಿ ನೋಡಿದವರು ನಿಮ್ಮಪ್ಪ. ಆಗ ನಾವಿಬ್ಬರೂ ಒಂದೇ ಲ್ಯಾಬಿನಲ್ಲಿದ್ದೆವು, ನೀನು ನನ್ನ ಹೊಟ್ಟೆಯಲ್ಲಿದ್ದೆ. ಮನಸ್ಸಿಟ್ಟೇ ಮಾಡಿದರು, ಬರಲಿಲ್ಲ. ಲ್ಯಾಬಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು, "ಇದು ವಿಜ್ಞಾನ ಅಲ್ಲ ಕಣ್ರಪ್ಪಾ, ನಮ್ಮನೆಯವಳ ಕೈಗುಣ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ನಮ್ಮ ಮನೆಗೆ ಬಂದದ್ದು ಅಲ್ಲಿಂದ. ಗಿಡಕ್ಕೆ, ರೇಡಿಯೊಗೆ, ಬ್ರೆಡ್ಡಿಗೆ ಅವರು ಹಾಗಂದಾಗಲೆಲ್ಲ ನಾನು ಹೋಗಿ ಆ ಸಭೆಯಲ್ಲೇ ಕೂತಿರುತ್ತಿದ್ದೆ.

ಗುರುವಾರ ಚಿತ್ರ ತೋರಿಸಿದಾಗ ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡರು. "ನೋಡಿ, ಕೈಗುಣ ಅಲ್ಲ ಅಂತಾಯ್ತಲ್ಲ" ಅಂದೆ. "ಯಾವ ಕೈಗುಣ?" ಅಂದರು. "ಅವತ್ತು ಸಭೇಲಿ ಅಂದಿದ್ರಲ್ಲ ರೀ." ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತಾ ಅಂದರು, "ನಾನು ಅದನ್ನ ಮಾಡಿ ನೋಡಿದ್ನಾ? ನೆನಪೇ ಇಲ್ಲ ಕಣೇ." ಮರೆವಿನ ಕಾಯಿಲೆ ಅಂತ ಗಾಬರಿಯಾಗಬೇಡ. ನೀನು ಹುಟ್ಟಿದ ದಿನ ನರ್ಸ್ ಹಾಕಿಕೊಂಡಿದ್ದ ಚಪ್ಪಲಿಯ ಬಣ್ಣ ಕೂಡ ಅವರಿಗೆ ನೆನಪಿದೆ. ಇದು ಅವರಿಗೆ ನೆನಪಿಡುವಂಥ ವಿಷಯ ಆಗಿರಲಿಲ್ಲ, ಅಷ್ಟೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇದು ಜಗಳವೇ ಆಗಲಿಲ್ಲವಲ್ಲ, ಅದಕ್ಕೇ ಎಷ್ಟು ಉಂಡು ಮಲಗಿದರೂ ಮುಗಿಯಲಿಲ್ಲ. ಅವರಿಗೇನೂ ಹೇಳಬೇಡ, ಒಳ್ಳೆಯವರು, ಸುಮ್ಮನೆ ನೊಂದುಕೊಳ್ಳುತ್ತಾರೆ. ರಜಕ್ಕೆ ನೀವೆಲ್ಲ ಬಂದಾಗ ನನ್ನ ಬ್ರೆಡ್ಡು ಉಬ್ಬುತ್ತದೆ, ಅವರು ಆ ಮಾತು ಅಂದೇ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ನೀನೊಬ್ಬಳು ನಗಬೇಡ ಮಗಳೇ.