ಒಂದು ಗಂಟೆಗೆ ಹೋಗುವ ಚಿತ್ರ

ಅಕ್ಟೋಬರ್ ೬
ಇವತ್ತೂ ಅದೇ. ಮಧ್ಯಾಹ್ನ ಒಂದು ಗಂಟೆ. ಟಿವಿ ಚಿತ್ರ ಚೌಕಚೌಕವಾಗಿ ಒಡೆದು ಕಪ್ಪಾಯಿತು. ಇಟಲಿಯವರ ಕ್ವಿಜ್ ಕೊನೆಯ ಪ್ರಶ್ನೆಗೆ ಬಂದಿತ್ತು. ಬಾಯಿ ತೆರೆದ ನೆರ್ಮಿನ್ ಹಾಗೇ ಮುಚ್ಚಿದಳು. ಲಕ್ವ ಹೊಡೆದ ಮೇಲೆ ನನ್ನ ಹೆಂಡತಿಯ ಬಾಯಿಂದ ನಮ್ಮ ಅಲ್ಬೇನಿಯನ್ ಒಂದು ಪದವೂ ಹೊರಟಿಲ್ಲ. ಈ ಕ್ವಿಜ್‌ಗೆ ಮಾತ್ರ ಇಟಾಲಿಯನ್‌ನಲ್ಲಿ ಉತ್ತರ ಹೇಳುತ್ತಾಳೆ. ದಿನಕ್ಕೊಂದೋ ಎರಡೋ ಮಾತು. ನನಗೆ ಉಳಿದಿರುವುದು ಅಷ್ಟೇ.

ಒಂದು ಗಂಟೆಗೇ ಏಕೆ? ಆಗಲೇ ನನ್ನ ತಮ್ಮ ಬಾರ್ದಿಲ್ ತನ್ನ ಪಾರಿವಾಳ ಬಿಡುವುದು. ಅಪ್ಪನ ಮನೆ ಪಾಲಾದಾಗ ತಾರಸಿ ಅವನಿಗೆ ಹೋಯಿತು. ನನ್ನ ಡಿಶ್ ಅವನ ದಯೆಯಲ್ಲಿ ನಿಂತಿದೆ. ಆ ದರಿದ್ರ ಹಕ್ಕಿಗಳು ಸುತ್ತಿ ಸುತ್ತಿ ಅದರ ಮೇಲೇ ಇಳಿಯುತ್ತವೆ.

ಅಕ್ಟೋಬರ್ ೭
ಅಂಗಳದಿಂದ ಕೂಗಿ ಹೇಳಿದೆ. ಮೇಲಿಂದಲೇ ಉತ್ತರ.
“ಮೇಷ್ಟ್ರೇ, ಇವು ನಿಮ್ಮ ಸ್ಕೂಲ್ ಹುಡುಗ್ರಲ್ಲ, ಬೆಲ್ ಹೊಡೆದ್ರೆ ಕೂರೋಕೆ.”
“ಆ ಹೊತ್ತಲ್ಲಿ ಗೂಡಿಗೆ ಹಾಕೋ. ಕ್ವಿಜ್ ಮುಗಿಯೋವರೆಗೆ ಸಾಕು.”
“ನಿಮ್ಮ ಉಪಗ್ರಹ ಮೇಲೆ ಅಲ್ಲಾಡ್ದೆ ನಿಂತಿರುತ್ತಂತಲ್ಲ. ಸ್ವಲ್ಪ ಪಕ್ಕಕ್ಕೆ ಸರಿ ಅನ್ನಿ ಅದಕ್ಕೆ.”

ನಿಂತಿರುವುದಿಲ್ಲ, ಮೂರ್ಖ. ಸದಾ ಭೂಮಿಯ ಕಡೆಗೆ ಬೀಳುತ್ತಲೇ ಇದೆ. ಪಕ್ಕಕ್ಕೆ ಓಡುವ ವೇಗವೂ ಇದೆ, ಅದಕ್ಕೇ ನೆಲ ಮುಟ್ಟದೆ ಸುತ್ತುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದರದ್ದೂ ಒಂದು ಸುತ್ತು — ನಮ್ಮ ಕಣ್ಣಿಗೆ ನಿಂತಂತೆ. ಎಲ್ಬಸಾನಿನ ಅರ್ಧ ಊರಿಗೆ ಇದನ್ನು ಕಲಿಸಿದ್ದೇನೆ. ಒಡಹುಟ್ಟಿದವನ ತಲೆಗೆ ಇಳಿಯಲಿಲ್ಲ.

ಅಕ್ಟೋಬರ್ ೮
ಚಿತ್ರ ಇನ್ನೂ ಹೆಚ್ಚು ಹೊತ್ತು ಹೋಯಿತು. ನೆರ್ಮಿನ್ ಟಿವಿ ಬಿಟ್ಟು ಕಿಟಕಿ ಕಡೆ ತಿರುಗಿದಳು. ಅಲ್ಲೂ ಅವೇ ಹಾಳು ಹಕ್ಕಿಗಳು, ಗುಂಪಾಗಿ ಸುತ್ತು ಹಾಕುತ್ತ. ಇಡೀ ದಿನ ಒಂದು ಮಾತಿಲ್ಲ. ಬಾರ್ದಿಲನನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.
ಇಲಿಪಾಷಾಣ ಮೂಲೆ ಅಂಗಡಿಯಲ್ಲೇ ಸಿಗುತ್ತದೆ. ಮೆಕ್ಕೆಜೋಳ ಮನೆಯಲ್ಲಿದೆ.

ಅಕ್ಟೋಬರ್ ೧೦, ಬೆಳಿಗ್ಗೆ
ಬಾರ್ದಿಲ್ ಕೆಳಗೆ ಬಂದ. ಪಾಲಾದ ಮೇಲೆ ಮೊದಲ ಸಲ ನನ್ನ ಹೊಸ್ತಿಲು ತುಳಿದ. ಕೋಟಿನೊಳಗೆ ಸತ್ತ ಬಿಳಿ ಪಾರಿವಾಳ.
“ಅಣ್ಣ, ನೀನು ಓದಿದೋನು. ಇದೇನು ಕಾಯ್ಲೆ ಹೇಳು. ಎಲ್ಲಾ ಹೋದ್ವು.”
“ನಾನು ಕಲಿಸಿದ್ದು ಭೌತಶಾಸ್ತ್ರ ಕಣಪ್ಪ” ಅಂದೆ. ಕೂರು ಅನ್ನಲಿಲ್ಲ, ಕಾಫಿ ಕೊಡಲಿಲ್ಲ.
ಸಂತೋಷವಾಯಿತು. ಇಲ್ಲಿ ಸುಳ್ಳೇಕೆ ಬರೆಯಲಿ.

ಅದೇ ದಿನ, ಊಟದ ನಂತರ
ಒಂದು ಗಂಟೆಗೆ ಚಿತ್ರ ಮತ್ತೆ ಹೋಯಿತು. ಆಕಾಶದಲ್ಲಿ ಒಂದು ರೆಕ್ಕೆಯೂ ಇಲ್ಲ.
ತಾರಸಿಗೆ ಓಡಿದೆ. ಡಿಶ್ ಮೇಲೆ ಏನೂ ಇರಲಿಲ್ಲ. ಬಟ್ಟಲಿಗೆ ಬಿದ್ದ ಬಿಸಿಲೆಲ್ಲ ಒಟ್ಟಾಗಿ ಅದರ ಮುಂದೆ ಚಾಚಿದ ಲೋಹದ ತೋಳಿನ ತುದಿಯಲ್ಲಿ ಹೊಳೆಯುತ್ತಿತ್ತು. ಅದು ಮುಖ ಮಾಡಿದ ಕಡೆ ನೋಡಿದೆ, ಕಣ್ಣು ಕುಕ್ಕಿತು. ಉಪಗ್ರಹದ ಬೆನ್ನ ಹಿಂದೆಯೇ ನೇರವಾಗಿ ಸೂರ್ಯ. ಅವನ ಅಬ್ಬರದಲ್ಲಿ ಅದರ ಸಂಕೇತದ ಸಣ್ಣ ದನಿ ಮುಳುಗಿಹೋಗುತ್ತದೆ. ವರ್ಷಕ್ಕೆರಡು ಸಲ, ನಾಲ್ಕಾರು ದಿನ, ಕೆಲವೇ ನಿಮಿಷ.
ಪಠ್ಯದಲ್ಲಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಆ ಪುಟ ಹಾರಿಸುತ್ತಿದ್ದವನು ನಾನೇ.
ಖಾಲಿ ಗೂಡಿನ ಮುಂದೆ ಬಾರ್ದಿಲ್ ಕೂತಿದ್ದ.

ಅಕ್ಟೋಬರ್ ೧೪
ಚಿತ್ರ ಸ್ವಚ್ಛ. ಕೊನೆಯ ಪ್ರಶ್ನೆ ಬಂತು, ಹೋಯಿತು. ನೆರ್ಮಿನ್ ಆ ಕಡೆ ನೋಡಲೇ ಇಲ್ಲ. ಕಿಟಕಿಯಾಚೆಯ ಖಾಲಿ ಆಕಾಶದತ್ತ ಬೆರಳೆತ್ತಿ “ಎಲ್ಲಿ?” ಅಂದಳು.
ನಮ್ಮ ಭಾಷೆಯಲ್ಲಿ.
ಅವಳಿಗೆಂದು ಮೊಸರು ತಂದ ಬಾರ್ದಿಲ್ ಬಾಗಿಲಲ್ಲೇ ನಿಂತುಬಿಟ್ಟ. ಕಣ್ಣಲ್ಲಿ ನೀರು, ಮುಖದಲ್ಲಿ ನಗು. “ಅಣ್ಣ, ಅತ್ತಿಗೆ ಮಾತಾಡಿದ್ರು. ಕೇಳ್ತಾ ಇದಾರಲ್ಲ, ಏನಾದ್ರೂ ಹೇಳು.”
ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು—