ಹಾಲಿನ ಡಬ್ಬದ ಇಂಗ್ಲಿಷು

ಕೊಟ್ಟಾರ, ಮಂಗಳೂರು
18 ಜುಲೈ 2024

ಪ್ರೀತಿಯ ಮೊರಿಸ್,

ಹೇಗಿದ್ದೀ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫೋನು ಮಾಡಿದರೆ ನಿನ್ನ ಕಿವಿಗೆ ಬೀಳುವುದಿಲ್ಲ. ಕಿರುಚಿ ಹೇಳುವ ಸಂಗತಿಯೂ ಇದಲ್ಲ.

ಲಕ್ಷ್ಮೀ ತೀರಿಕೊಂಡ ಮೇಲೆ ಡಬ್ಲಿನ್ನಿನಿಂದ ಮೊಮ್ಮಗಳು ಯಶ್ಮಿತಾ ಭಾನುವಾರ ತಪ್ಪದೆ ವಿಡಿಯೊ ಕಾಲ್ ಮಾಡುತ್ತಾಳೆ. ಆರು ವರ್ಷದ ಮಗು. ತುಳು ಬಾರದು, ಕನ್ನಡ ಬಾರದು. ನನ್ನದೋ ನಮ್ಮ ಕಾಲೇಜಿನ ಇಂಗ್ಲಿಷು: ಐ ಶಲ್, ವಿ ಶಲ್. ಅದಕ್ಕೇ ಮಗಳು ಜ್ಯೋತ್ಸ್ನಾ ಇಂಗ್ಲಿಷು ಕಲಿಸುವ ಪಾಡ್‌ಕಾಸ್ಟ್ ಒಂದನ್ನು ತೋರಿಸಿಕೊಟ್ಟಳು. ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ಆ ಬಿಡುವಿನಲ್ಲಿ ನಾವು ಹೇಳಬೇಕು. ವೇಗ ಕಡಿಮೆ ಮಾಡಿದರೆ ಕುಡಿದವರ ಹಾಗೆ ಕೇಳಿಸುತ್ತಾರೆ. ಗೇಟಿನ ಹತ್ತಿರ ನಾನೊಬ್ಬನೇ ಮಾತಾಡುವುದನ್ನು ಕಂಡು ಮೀನು ಮಾರುವ ಮುದ್ದು, "ಎಂತ ಪ್ರೇಮಣ್ಣ, ಈ ಪ್ರಾಯದಲ್ಲಿ ಇಂಟರ್‌ವ್ಯೂ ಉಂಟಾ?" ಎಂದ. "ಉಂಟು ಮಾರಾಯ, ಭಾನುವಾರ" ಎಂದೆ.

ಕಳೆದ ಭಾನುವಾರ ಮಗು, ಅಜ್ಜಿ ಯಾವಾಗ ವಾಪಸು ಬರುವುದು ಎಂದು ಕೇಳಿತು. ನಾನು "ಅಜ್ಜಿ ಎಕ್ಸ್‌ಪೈರ್ಡ್" ಎಂದೆ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದಲ್ಲವಾ. ಮಗು ನನ್ನನ್ನೇ ನೋಡಿತು. "ಲೈಕ್ ಮಿಲ್ಕ್?" ಎಂದಿತು. ಓಡಿಹೋಗಿ ಫ್ರಿಜ್ಜಿನಿಂದ ಹಾಲಿನ ಡಬ್ಬ ತಂದು ಅದರ ಮೇಲಿನ ತಾರೀಕು ತೋರಿಸಿತು. ಆಮೇಲೆ ಮೆಲ್ಲಗೆ, "ಅಜ್ಜ, ವಾಟ್ ಈಸ್ ಯುವರ್ ಡೇಟ್?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಮಗು ಅಳತೊಡಗಿತು. ಜ್ಯೋತ್ಸ್ನಾ ಫೋನು ಕಸಿದುಕೊಂಡು, "ಪಪ್ಪಾ, ಅಜ್ಜಿ ದೇವರ ಮನೆಗೆ ಹೋಗಿದ್ದಾರೆ ಅಂತ ನಾವು ಹೇಳಿ ಇಟ್ಟದ್ದು. ನೀವು ಅವಳ ಹತ್ರ ಇಂಥದ್ದೆಲ್ಲ ಎಂತಕ್ಕೆ ಮಾತಾಡುದು?" ಎಂದಳು.

ಅಂದಿನಿಂದ ಪಾಡ್‌ಕಾಸ್ಟಿನ ಪಾಠಗಳನ್ನೆಲ್ಲ ಹುಡುಕಿದೆ. ಹೋಟೆಲಿನಲ್ಲಿ ರೂಮು ಕೇಳುವುದು ಉಂಟು, ಕಳೆದುಹೋದ ಕೊಡೆ ವಿಚಾರಿಸುವುದು ಉಂಟು. ಮಗುವಿಗೆ ಸಾವನ್ನು ಹೇಳುವ ಪಾಠ ಇಲ್ಲ. ಅವರು ಸುಮ್ಮನಾದಾಗಲೆಲ್ಲ ಆ ಬಿಡುವಿನಲ್ಲಿ ಯಶ್ಮಿತಾ ಕೇಳಿದ್ದೇ ಕೇಳಿಸುತ್ತದೆ.

ನೀನು ಜೀವಮಾನವಿಡೀ ಇಂಗ್ಲಿಷು ಕಲಿಸಿದವ. ಅಂದು ಪರೀಕ್ಷೆಯಲ್ಲಿ ಕಾಗದ ಓರೆ ಮಾಡಿ ತೋರಿಸಿದ ಹಾಗೆ ಈಗಲೂ ಒಂದು ವಾಕ್ಯ ತೋರಿಸು. ಮಗು ಹೆದರಬಾರದು, ಸುಳ್ಳೂ ಆಗಬಾರದು. ಕನ್ನಡ ಅಕ್ಷರದಲ್ಲೇ ಬರೆ. ಬೇಗ ಬರೆ.

ನಿನ್ನ ದೇವರು, ನನ್ನ ದೇವರು ಇಬ್ಬರೂ ಸೇರಿ ನಿನ್ನ ಕಿವಿ ಸರಿಮಾಡಲಿ.

ನಿನ್ನ
ಪ್ರೇಮನಾಥ

ಮರೆತ ಮಾತು: ವಾಕ್ಯ ಬೇಕಾದದ್ದು ಲಕ್ಷ್ಮೀಗಾಗಿ ಅಲ್ಲ. ನನ್ನ ಸ್ಕ್ಯಾನ್ ನೋಡಿದ ಅತ್ತಾವರದ ಡಾಕ್ಟರು, ದೀಪಾವಳಿ ದಾಟುವುದು ಕಷ್ಟ ಎಂದಿದ್ದಾರೆ. ಜ್ಯೋತ್ಸ್ನಾಳಿಗೂ ಹೇಳಿಲ್ಲ. ಮಗು ಕೇಳಿದಾಗ ನನ್ನ ಹತ್ತಿರ ಡೇಟ್ ಇತ್ತು, ಮೊರಿಸ್. ಇಂಗ್ಲಿಷು ಇರಲಿಲ್ಲ.